ರೌಟರ್‌ಗೆ ಕೀಲಿ ಎರಡು ಇರ್ತಾವ್ರಿ

ಈ ಸಲ ಬಂದ ಪತ್ರದಾಗ ಅರ್ಧಕ್ಕಿಂತ ಹೆಚ್ಚು ಮನಿ ಬ್ರಾಡ್‌ಬ್ಯಾಂಡ್ ರೌಟರ್ ಬಗ್ಗೆನ ಅದಾವ. ಹಂಗಾಗಿ ಮೊಬೈಲ್, ಲ್ಯಾಪ್‌ಟಾಪ್ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದೊಂದ ವಿಷಯ ತಗೊಂಡೀನಿ.

ಪ್ರಶ್ನೆ: ನಾವು ಧಾರವಾಡ ಸಪ್ತಾಪುರದಾಗ ಇರೂದ್ರಿ. ಮ್ಯಾಲಿನ ನಾಕು ರೂಮು ಕಾಂಪಿಟೇಟಿವ್ ಎಕ್ಸಾಮ್ ಓದೂ ಹುಡುಗ್ರಿಗೆ ಬಾಡಿಗಿ ಕೊಟ್ಟೇವಿ. ಒಬ್ಬಾವ ಅರ್ಜಂಟ್ ಫಾರ್ಮ್ ತುಂಬಬೇಕ್ರಿ ಅಂಕಲ್ ಅಂದಾಗ ಒಂದ ಸಲ ವೈಫೈ ಪಾಸ್‌ವರ್ಡ್ ಹೇಳಿದ್ದೆ. ಈಗ ರಾತ್ರಿ ಎಂಟಾದ್ರ ಕೆಳಗ ನಮಗ ನೆಟ್ ನಡಿಯಂಗಿಲ್ಲ. ಎರಡು ಸಲ ಪಾಸ್‌ವರ್ಡ್ ಬದಲಿ ಮಾಡಿಸಿದೆ, ಎರಡ ದಿನದಾಗ ಎಲ್ಲಾರ ಫೋನೂ ಹೊಳ್ಳಿ ಕನೆಕ್ಟ್ ಆದ್ವು. ಅವ್ರಿಗೆ ಹೆಂಗ ಗೊತ್ತಾಗ್ತೈತ್ರಿ? — ಮನಿ ಮಾಲಕರು, ಧಾರವಾಡ

ಉತ್ತರ: ಮೊದ್ಲ ಹುಡುಗ್ರ ಮ್ಯಾಲೆ ಸಿಟ್ಟಾಗಬ್ಯಾಡ್ರಿ. "ಬದಲಿ ಮಾಡಿಸಿದೆ" ಅಂತ ಬರದೀರಿ, ಅಂದ್ರ ನೀವು ಮಾಡಿಲ್ಲ, ಲೈನ್ ಹಾಕಿದಾವ ಬಂದು ತನ್ನ ಫೋನಿನಾಗ ಏನೋ ಒತ್ತಿ ಹೋಗ್ಯಾನ. ಅವ ಬದಲಿಸಿದ್ದು ವೈಫೈ ಪಾಸ್‌ವರ್ಡ್ ಅಷ್ಟ. ರೌಟರ್‌ಗೆ ಇನ್ನೊಂದು ಕೀಲಿ ಇರ್ತೈತಿ, ಸೆಟ್ಟಿಂಗ್ ಪೇಜಿನ ಒಳಗ ಹೋಗೂ ಅಡ್ಮಿನ್ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ತಲಬಾಗಲ ಕೀಲಿ ಇದ್ದಂಗ, ಅಡ್ಮಿನ್ ಪಾಸ್‌ವರ್ಡ್ ತಿಜೋರಿ ಕೀಲಿ ಇದ್ದಂಗ, ಮತ್ತ ತಲಬಾಗಲ ಕೀಲಿ ಇಟ್ಟಿರೂದೂ ಆ ತಿಜೋರಿ ಒಳಗನ. ಭಾಳ ಮನಿಯಾಗ ಇದು ಬಾಕ್ಸ್ ಬಿಚ್ಚಿದಾಗ ಹೆಂಗಿತ್ತೋ ಹಂಗ ಇರ್ತೈತಿ, ಯೂಸರ್ ನೇಮೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಒಮ್ಮೆ ಕನೆಕ್ಟ್ ಆದ ಹುಡುಗ ಬ್ರೌಸರಿನಾಗ ಆ ಪೇಜ್ ತಗದು ಒಳಗ ಹೋದ್ರ ಅವಂಗ ಎಲ್ಲಾ ಕಾಣಿಸ್ತೈತಿ, ಬೇಕಂದ್ರ ಎರಡನೇ ಹೆಸರಿನ ವೈಫೈ ಒಂದು ಚಾಲೂ ಮಾಡಿಟ್ಟು ಅದಕ್ಕ ತನ್ನದ ಪಾಸ್‌ವರ್ಡ್ ಹಾಕ್ಕೋಬಹುದು. ನೀವು ಮೊದಲಿನ ವೈಫೈದು ಹತ್ತು ಸಲ ಬದಲಿಸಿದ್ರೂ ಅವನ್ದು ನಡೀತನ ಇರ್ತೈತಿ.

ಇದೊಂದ ದಾರಿ ಅಲ್ಲ. ನಿಮ್ಮ ರೌಟರ್ ಎರಡು ಬ್ಯಾಂಡಿಂದು, ಅಂದ್ರ ಎರಡು ರೇಡಿಯೋ ತರಂಗದಾಗ ವೈಫೈ ಕೊಡೂದು ಇದ್ರ 2.4 ಗಿಗಾಹರ್ಟ್ಜ್‌ಗೆ ಒಂದು ಪಾಸ್‌ವರ್ಡ್, 5 ಗಿಗಾಹರ್ಟ್ಜ್‌ಗೆ ಒಂದು ಪಾಸ್‌ವರ್ಡ್ ಇರಬಹುದು, ಅವಸರದಾಗ ಬಂದಾವ ಒಂದನ್ನಷ್ಟ ಬದಲಿಸಿ ಹೋಗಿರ್ತಾನ. ಇಲ್ಲಾ ನಿಮ್ಮನಿ ಮಕ್ಕಳ ಫೋನಿನಿಂದನ ಹೋಗಿರ್ತೈತಿ, ಈಗಿನ ಆಂಡ್ರಾಯ್ಡ್ ಫೋನಿನಾಗ ವೈಫೈ ಶೇರ್ ಅಂತ ಒತ್ತಿದ್ರ ಕ್ಯೂಆರ್ ಕೋಡ್ ಬರ್ತೈತಿ, ಸ್ಕ್ಯಾನ್ ಮಾಡಿದ್ರ ಮುಗೀತು. ನಾಕನೇದು ಡಬ್ಲ್ಯೂಪಿಎಸ್, ಅಂದ್ರ ಪಾಸ್‌ವರ್ಡ್ ಹೊಡೀದನ ಕನೆಕ್ಟ್ ಆಗೂ ಸೌಲಭ್ಯ. ರೌಟರ್ ತಿರುವಿ ಹಾಕ್ರಿ, ತಳಕ್ಕ ಒಂದು ಬಿಳಿ ಚೀಟಿ ಅಂಟಿಸಿರ್ತಾರ, ಧೂಳ ಒರಿಸಿ ಓದ್ರಿ, ಅದರಾಗ ಎಂಟು ಅಂಕಿ ಪಿನ್ ಇದ್ರ ಅದ ಇದು. ವೈಫೈ ಪಾಸ್‌ವರ್ಡ್ ಬದಲಿಸಿದ್ರೂ ಈ ಪಿನ್ ಬದಲಾಗಂಗಿಲ್ಲ, ಪಿನ್ ಕೊಟ್ಟವ್ರಿಗೆ ರೌಟರ್ ಹೊಸಾ ಪಾಸ್‌ವರ್ಡ್ ತಾನ ಎತ್ತಿ ಕೊಡ್ತೈತಿ. ಎಂಟು ಅಂಕಿ ಅಂದ್ರ 10 ಕೋಟಿ ನಮೂನಿ ಆಗಬೇಕಿತ್ತು, ಆದ್ರ ರೌಟರ್ ಮೊದಲ ನಾಕು ಬ್ಯಾರೆ, ಉಳಿದ ಮೂರು ಬ್ಯಾರೆ ಪರೀಕ್ಷಾ ಮಾಡ್ತೈತಿ, ಕಡೀ ಅಂಕಿ ಬರೇ ಲೆಕ್ಕ ತಾಳಿ ನೋಡಾಕ ಇರೂದು, ಹಿಂಗಾಗಿ 11,000 ಸಲ ಪ್ರಯತ್ನ ಮಾಡಿದ್ರ ಸಾಕು, ಸಿಕ್ಕ ಬಿಡ್ತೈತಿ. 2011ರಾಗನ ಇದು ಬಯಲಾತು, ಇವತ್ತಿಗೂ ಎಷ್ಟೋ ರೌಟರ್‌ದಾಗ ಈ ಡಬ್ಲ್ಯೂಪಿಎಸ್ ಆನ್ ಆಗೇ ಬರ್ತೈತಿ. ಇದನ್ನ ನೋಡಿದಾಗೆಲ್ಲಾ ನನಗ ಸಂಕಟ ಆಗ್ತೈತಿ.

ಈಗ ಕೆಲಸಕ್ಕ ಬರೋಣ. ಒಂದು ಭಾನುವಾರ ಬೆಳಿಗ್ಗೆ ಅರ್ಧ ತಾಸು ತಗೀರಿ, ಲ್ಯಾಪ್‌ಟಾಪ್‌ಗೆ ಲ್ಯಾನ್ ವೈರ್ ಹಚ್ಚಿ ಕೂಡ್ರಿ, ಯಾಕಂದ್ರ ವೈಫೈ ಮ್ಯಾಲೆ ಕುಂತು ವೈಫೈ ಸೆಟ್ಟಿಂಗ್ ಬದಲಿಸಿದ್ರ ನಡುವ ಕಟ್ ಆಗ್ತೈತಿ. ಬ್ರೌಸರಿನಾಗ ಮ್ಯಾಲೆ 192.168.1.1 ಅಂತ ಹೊಡೀರಿ, ಬರಲಿಲ್ಲಂದ್ರ 192.168.0.1, ಅದೂ ಬರಲಿಲ್ಲಂದ್ರ ಫೋನಿನಾಗ ವೈಫೈ ಹೆಸರಿನ ಮ್ಯಾಲೆ ಒತ್ತಿ ಒಳಗ ಗೇಟ್‌ವೇ ಅಂತ ಇದ್ದಲ್ಲಿ ನೋಡ್ರಿ, ಆ ನಂಬರ್ ಹೊಡದ್ರ ಬರ್ತೈತಿ. ಯೂಸರ್ ನೇಮ್, ಪಾಸ್‌ವರ್ಡ್ ತಳದ ಚೀಟಿ ಮ್ಯಾಲೆ ಇರ್ತಾವ, ಇರಲಿಲ್ಲಂದ್ರ ಕನೆಕ್ಷನ್ ಕೊಟ್ಟವ್ರನ್ನ ಕೇಳ್ರಿ, ಕೇಳೂದು ನಿಮ್ಮ ಹಕ್ಕು. ಒಳಗ ಹೋದ ಮ್ಯಾಲೆ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸ್ರಿ, ವೈಫೈದು ಆಮ್ಯಾಲೆ. ಆಮೇಲೆ ವೈರ್‌ಲೆಸ್ ಪೇಜಿನಾಗ ಎಷ್ಟು ಹೆಸರಿನ ವೈಫೈ ಚಾಲೂ ಅದಾವ ಎಣಿಸ್ರಿ, ನಿಮ್ಮದಲ್ಲದ್ದನ್ನ ಬಂದ್ ಮಾಡ್ರಿ. ಡಬ್ಲ್ಯೂಪಿಎಸ್ ಬಂದ್. ರಿಮೋಟ್ ಮ್ಯಾನೇಜ್‌ಮೆಂಟ್, ಅಂದ್ರ ಹೊರಗಿನಿಂದ ಇಂಟರ್ನೆಟ್ ಮ್ಯಾಲೆ ಈ ಸೆಟ್ಟಿಂಗ್ ಪೇಜ್ ತಗಿಯೂ ಸೌಲಭ್ಯ, ಇದ್ರ ಅದೂ ಬಂದ್. ಸೆಕ್ಯುರಿಟಿ ಅನ್ನೂ ಕಡೆ ಡಬ್ಲ್ಯೂಪಿಎ2 ಇಲ್ಲಾ ಡಬ್ಲ್ಯೂಪಿಎ3 ಇರಬೇಕು, ಡಬ್ಲ್ಯೂಇಪಿ ಅನ್ನೂ ಹಳೇ ನಮೂನಿ ಬೀಗ ಕಂಡ್ರ ಆ ರೌಟರ್ ಬದಲಿಸೂದ ಚಲೋ, ಅದನ್ನ ಒಡಿಯೂದು 2001ರಿಂದನ ಮಂದಿಗೆ ಗೊತ್ತೈತಿ.

ಪಾಸ್‌ವರ್ಡ್ ಇಡೂ ಮುಂದ ಒಂದು ವಿನಂತಿ, ದಯಮಾಡಿ ಮೊಬೈಲ್ ನಂಬರ್ ಇಡಬ್ಯಾಡ್ರಿ. ನಮ್ಮ ಕಡೆ ಹತ್ತು ಮನಿಗೆ ಹೋದ್ರ ಅರ್ಧಕ್ಕರ್ಧ ಅದ ಇರ್ತೈತಿ. ಮೊಬೈಲ್ ನಂಬರ್ 6, 7, 8, 9ರಿಂದಷ್ಟ ಚಾಲೂ ಆಗೂದು, ಅಂದ್ರ ಒಟ್ಟು 400 ಕೋಟಿ. ಭಾಳ ಅನಿಸ್ತೈತಿ, ಆದ್ರ ನಿಮ್ಮ ಫೋನು ರೌಟರ್‌ಗೆ ಕನೆಕ್ಟ್ ಆಗುವಾಗಿನ ಮಾತುಕತಿ ಒಮ್ಮೆ ಗಾಳಿಯಾಗ ಹಿಡಕೊಂಡವ ತನ್ನ ಮನಿಯಾಗ ಕುಂತು ಚಲೋ ಗ್ರಾಫಿಕ್ಸ್ ಕಾರ್ಡ್ ಇದ್ದ ಕಂಪ್ಯೂಟರಿನಾಗ ಕೆಲವು ತಾಸಿನಾಗ ಅಷ್ಟೂ ನಂಬರ್ ತಾಳಿ ನೋಡಬಹುದು. ಪಾಸ್‌ವರ್ಡ್ 8ರಿಂದ 63 ಅಕ್ಷರದ ತನಕ ಇಡಾಕ ಬರ್ತೈತಿ. ಒಂದಕ್ಕೊಂದು ಸಂಬಂಧ ಇಲ್ಲದ ನಾಕು ಕನ್ನಡ ಶಬ್ದ ಇಂಗ್ಲಿಷ್ ಅಕ್ಷರದಾಗ ಕೂಡಿಸಿ ಬರೀರಿ, ಜ್ವಾಳ, ಛತ್ರಿ, ರೈಲು, ಹಿಂಡಿ, ಹಿಂತಾವು. ಇಲ್ಲಿ ಅಚ್ಚಾದವನ್ನ ಬಿಟ್ಟು ನಿಮ್ಮವ ನೀವು ಆರಿಸಿಕೋರಿ. ಮನಿ ಮಂದಿಗೆ ನೆನಪೂ ಉಳೀತಾವ.

ಇನ್ನ ಹುಡುಗ್ರ ಮಾತು. ಊರು ಬಿಟ್ಟು ಬಂದು ಪಿಎಸ್‌ಐ, ಕೆಎಎಸ್ ಅಂತ ಓದೂ ಮಕ್ಕಳ್ರಿ ಅವು, ಕ್ಲಾಸ್ ವಿಡಿಯೋ ನೋಡಾಕ ನೆಟ್ ಬೇಕ ಬೇಕು. ರೌಟರ್‌ದಾಗ ಗೆಸ್ಟ್ ನೆಟ್‌ವರ್ಕ್ ಅಂತ ಇರ್ತೈತಿ, ಅದನ್ನ ಚಾಲೂ ಮಾಡಿ ಬ್ಯಾರೆ ಪಾಸ್‌ವರ್ಡ್ ಇಟ್ಟು ಅವ್ರಿಗೆ ಕೊಡ್ರಿ, ಗೆಸ್ಟಿನಾಗ ಇದ್ದವ್ರಿಗೆ ಇಂಟರ್ನೆಟ್ ಸಿಗ್ತೈತಿ, ನಿಮ್ಮ ಟಿವಿ, ಪ್ರಿಂಟರ್, ಕಂಪ್ಯೂಟರ್ ಕಾಣಂಗಿಲ್ಲ. ಬ್ಯಾಂಡ್‌ವಿಡ್ತ್ ಕಂಟ್ರೋಲ್ ಇದ್ರ ಅದಕ್ಕೊಂದು ಸ್ಪೀಡ್ ಮಿತಿ ಹಾಕ್ರಿ. ಬಾಡಿಗಿಯಾಗ ನೂರೋ ಇನ್ನೂರೋ ಕೂಡಿಸಿಕೊಂಡು ಖುಲ್ಲಾ ಮಾತಾಡಿ ಕೊಟ್ರ ಯಾರೂ ಪಿನ್ ಹುಡುಕ್ಕೊಂತ ಕೂಡಂಗಿಲ್ಲ.

ಪ್ರಶ್ನೆ: ಗದಗಿನಾಗ ನಮ್ಮದು ಹಳೀ ಕಲ್ಲಿನ ಮನಿ, ಗ್ವಾಡಿ ಎರಡು ಅಡಿ ದಪ್ಪ ಅದಾವ. ಪಡಸಾಲಿಯಾಗ ನೆಟ್ ಚಲೋ ಬರ್ತೈತಿ, ಅಡಗಿ ಮನಿಯಾಗ ಸುಳಿವ ಇಲ್ಲ. ಜಾಸ್ತಿ ಸ್ಪೀಡಿನ ಪ್ಲ್ಯಾನ್ ಹಾಕಿಸ್ರಿ ಅಂತಾರ, ಹಾಕಿಸಲೇನ್ರಿ? — ಗೃಹಿಣಿ, ಗದಗ

ಉತ್ತರ: ಹಾಕಿಸಬ್ಯಾಡ್ರಿ ಅಕ್ಕಾರ. ಪ್ಲ್ಯಾನ್ ಜಾಸ್ತಿ ಆದ್ರ ಪಡಸಾಲಿಯಾಗ ಸ್ಪೀಡ್ ಜಾಸ್ತಿ ಆಗ್ತೈತಿ, ಕಲ್ಲು ದಾಟಂಗಿಲ್ಲ. 5 ಗಿಗಾಹರ್ಟ್ಜ್ ಜೋರು ಓಡ್ತೈತಿ ಆದ್ರ ಗ್ವಾಡಿಗೆ ಸೋಲ್ತೈತಿ, 2.4 ಸ್ವಲ್ಪ ಮಂದ ಆದ್ರೂ ದೂರ ಹೋಗ್ತೈತಿ, ಅಡಗಿ ಮನಿಯಾಗ ಫೋನ್ 2.4ಕ್ಕ ಹಚ್ಚಿ ನೋಡ್ರಿ. ರೌಟರ್ ಟಿವಿ ಹಿಂದ, ಕಪಾಟಿನಾಗ ಇದ್ರ ಹೊರಗ ತಗದು ಬಾಗ್ಲ ನೇರಕ್ಕ ಎತ್ತರದಾಗ ಇಡ್ರಿ. ಅಷ್ಟಕ್ಕೂ ಬರಲಿಲ್ಲಂದ್ರ ಪಡಸಾಲಿಯಿಂದ ಅಡಗಿ ಮನಿಗೆ ಒಂದು ಲ್ಯಾನ್ ವೈರ್ ಎಳಸಿ ಅಲ್ಲೊಂದು ಸಣ್ಣ ರೌಟರ್ ಆಕ್ಸೆಸ್ ಪಾಯಿಂಟ್ ಮಾಡಿ, ಅಂದ್ರ ವೈರಿನಿಂದ ಬಂದ ನೆಟ್ ಅಲ್ಲಿ ವೈಫೈ ಆಗಿ ಕೊಡೂ ಹಂಗ ಮಾಡಿ, ಇಡಸ್ರಿ. ವೈಫೈ ಸಿಗ್ನಲ್ ಹಿಡದು ಮುಂದ ಬಿಡೂ ರಿಪೀಟರ್ ಸೋವಿ ಸಿಗ್ತೈತಿ ಖರೆ, ಆದ್ರ ಅದಕ್ಕ ಬರೂ ಸಿಗ್ನಲ್ಲ ಅರ್ಧಾ ಸತ್ತಿದ್ರ ಅದು ಮುಂದ ಏನು ಕೊಟ್ಟೀತು. ಹಂತಾ ಗ್ವಾಡಿಗೆ ವೈರ್ ಬಿಟ್ರ ಬ್ಯಾರೆ ಔಷಧ ಇಲ್ಲ.

ಪ್ರಶ್ನೆ: ಬ್ಯಾಡಗಿಯಾಗ ನಮ್ಮದು ಮೆಣಸಿನಕಾಯಿ ವ್ಯಾಪಾರ. ಗೋದಾಮಿನ ಕ್ಯಾಮೆರಾ ಮನಿಯಿಂದ ನೋಡಾಕ ಬರ್ಲಿ ಅಂತ ಕ್ಯಾಮೆರಾ ಹಾಕಿದ ಟೆಕ್ನಿಷಿಯನ್ ರೌಟರ್‌ದಾಗ ಪೋರ್ಟ್ ಫಾರ್ವರ್ಡ್ ಮಾಡಿ ಹೋದ. ಈಗ ನೆಟ್ ಭಾಳ ಸ್ಲೋ, ರಾತ್ರಿ ಯಾರೂ ಇಲ್ಲದಾಗೂ ರೌಟರ್ ಲೈಟ್ ಒಂದ ಸಮನ ಮಿನುಗತೈತಿ. ಹಿಂಗ ಯಾಕ್ರಿ? — ವ್ಯಾಪಾರಸ್ಥರು, ಹಾವೇರಿ ಜಿಲ್ಲೆ

ಉತ್ತರ: ಲೈಟ್ ಮಿನುಗಿದ ಮಾತ್ರಕ್ಕ ಕೆಟ್ಟದ್ದ ಆಗೇತಿ ಅಂತ ಅಲ್ಲ, ಅಪ್‌ಡೇಟೂ ಇರಬಹುದು. ಆದ್ರ ಪೋರ್ಟ್ ಫಾರ್ವರ್ಡ್ ಅಂದ ಕೂಡ್ಲೆ ನನಗ ಹೆದರಿಕಿ ಬಂತು. ರೌಟರ್ ಹೊರಗಿನವ್ರನ್ನ ತಾನ ಒಳಗ ಬಿಡಂಗಿಲ್ಲ, ಪೋರ್ಟ್ ಫಾರ್ವರ್ಡ್ ಅಂದ್ರ ಹಿತ್ತಲ ಬಾಗ್ಲ ತಗದು ಇಡೀ ಜಗತ್ತಿಗೆ ನಿಮ್ಮ ಡಿವಿಆರ್, ಅಂದ್ರ ಕ್ಯಾಮೆರಾ ರೆಕಾರ್ಡ್ ಮಾಡೂ ಪೆಟ್ಟಿಗಿ, ತೋರಿಸಿದಂಗ. ಆ ಡಿವಿಆರ್ ಪಾಸ್‌ವರ್ಡೂ ಕಂಪನಿಯಿಂದ ಬಂದಿದ್ದ ಇದ್ರ ಕಾಯೂದ ಇಲ್ಲ. 2016ರಾಗ ಮಿರಾಯ್ ಅನ್ನೂ ಮಾಲ್‌ವೇರ್ ಮಾಡಿದ್ದೂ ಇದನ್ನ. ಅದರ ಕಡೆ ಇದ್ದಿದ್ದು ಸುಮಾರು 60 ಜೋಡಿ ಡೀಫಾಲ್ಟ್ ಯೂಸರ್ ನೇಮ್, ಪಾಸ್‌ವರ್ಡ್ ಅಷ್ಟ, ಅದರಿಂದನ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರ್ ವಶ ಮಾಡಿಕೊಂಡು ಅಕ್ಟೋಬರ್ 21ಕ್ಕ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿ ಕೊಡೂ ಅಮೆರಿಕಾದ ಡೈನ್ ಅನ್ನೂ ಕಂಪನಿ ಮ್ಯಾಲೆ ದಾಳಿಗೆ ಬಿಟ್ರು, ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲಾ ಎಷ್ಟೋ ಹೊತ್ತು ಬಂದ್ ಬಿದ್ವು. ತಮ್ಮ ಕ್ಯಾಮೆರಾ ಅದರಾಗ ಐತಿ ಅಂತ ಮಾಲಕರಿಗೆ ಸುದ್ದೀನ ಇರಲಿಲ್ಲ.

ನೀವು ಇವತ್ತ ಪೋರ್ಟ್ ಫಾರ್ವರ್ಡ್ ಪಟ್ಟಿಯಾಗ ಇದ್ದದ್ದನ್ನ ಅಳಿಸ್ರಿ, ಯುಪಿಎನ್‌ಪಿ ಅಂತ ಇರೂದನ್ನ ಬಂದ್ ಮಾಡ್ರಿ, ಇಲ್ಲಾಂದ್ರ ಡಿವಿಆರ್ ತಾನ ಹೋಗಿ ರೌಟರ್‌ಗೆ ಬಾಗ್ಲ ತಗಿ ಅಂತ ಹೇಳ್ತೈತಿ. ಡಿವಿಆರ್ ಒಮ್ಮೆ ಕರೆಂಟ್ ತಗದು ಹಾಕ್ರಿ, ಮಿರಾಯ್ ಜಾತಿಯವು ಮೆಮೊರಿಯಾಗಷ್ಟ ಇರ್ತಾವ, ಬಂದ್ ಮಾಡಿದ್ರ ಹೋಗ್ತಾವ, ಆದ್ರ ಹಳೇ ಪಾಸ್‌ವರ್ಡ್ ಇಟ್ಟು ಹೊಳ್ಳಿ ಚಾಲೂ ಮಾಡಿದ್ರ ಸ್ವಲ್ಪ ಹೊತ್ತಿನಾಗ ಮತ್ತ ಬರ್ತಾವ. ಅದಕ್ಕ ಲ್ಯಾನ್ ವೈರ್ ತಗದಿಟ್ಟು, ಡಿವಿಆರ್‌ಗೆ ಹಚ್ಚಿದ ಟಿವಿ ಮ್ಯಾಲೆನ ಪಾಸ್‌ವರ್ಡ್ ಬದಲಿಸಿ, ಆಮ್ಯಾಲೆ ವೈರ್ ಹಚ್ಚರಿ. ಮನಿಯಿಂದ ನೋಡಾಕ ಕ್ಯಾಮೆರಾ ಕಂಪನಿ ಆ್ಯಪ್ ಇರ್ತೈತಿ, ಗಟ್ಟಿ ಪಾಸ್‌ವರ್ಡ್ ಇಟ್ಟು ಅದರಾಗ ನೋಡ್ರಿ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಅಂತ ಐತಿ, 2017ರಿಂದ ನಡದೈತಿ, ಹಿಂತಾ ಸೋಂಕು ತಗಿಯೂ ಟೂಲ್ ಪುಕ್ಕಟೆ ಕೊಡ್ತಾರ, ಗೋದಾಮಿನ ಕಂಪ್ಯೂಟರಿಗೂ ಒಮ್ಮೆ ಓಡಸ್ರಿ. ಆ ಕಂಪ್ಯೂಟರಿನಾಗ ಬ್ಯಾಂಕ್ ವ್ಯವಹಾರ ಇದ್ರ ತಡಾ ಮಾಡಬ್ಯಾಡ್ರಿ, ಮತ್ತ ರೊಕ್ಕ ಏನರ ಹೋದದ್ದು ಕಂಡ್ರ ತಾಬಡತೋಬ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗೊಮ್ಮೆ ನೆಟ್ ಬರಂಗಿಲ್ಲ, ನಮ್ಮ ಹುಡುಗ ಪಿನ್ನು ಚುಚ್ಚಿ ರಿಸೆಟ್ ಮಾಡ್ತಾನ, ಆಮ್ಯಾಲೆ ಪೂರಾ ಬಂದ್. — ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಆ ಪಿನ್ನು ಮೊದ್ಲು ಎತ್ತಿಡ್ರಿ. ರಿಸ್ಟಾರ್ಟ್ ಬ್ಯಾರೆ, ರಿಸೆಟ್ ಬ್ಯಾರೆ. ತೂತಿನಾಗ ಚುಚ್ಚಿ ಹತ್ತು ಸೆಕೆಂಡ್ ಹಿಡದ್ರ ನೆಟ್ ಕೊಟ್ಟವ್ರು ಹಾಕಿದ ಯೂಸರ್ ನೇಮ್ ಸುದ್ದಾ ಅಳಿಸಿ ಹೋಗ್ತೈತಿ, ಅಡ್ಮಿನ್ ಪಾಸ್‌ವರ್ಡ್ ಹೊಳ್ಳಿ ಹಳೇದ ಆಗ್ತೈತಿ. ಕರೆಂಟ್ ಬಂದ ಮ್ಯಾಲೆ ಐದು ನಿಮಿಷ ಸುಮ್ನ ಬಿಡ್ರಿ. ಎಲ್‌ಓಎಸ್ ಅನ್ನೂ ಲೈಟ್ ಕೆಂಪಗ ಹತ್ತಿದ್ರ ಫೈಬರಿನಾಗ ಬೆಳಕ ಬರವಲ್ದು ಅಂತ ಅರ್ಥ, ಅದಕ್ಕ ಮನಿಯಾಗ ಮಾಡೂದು ಏನೂ ಇಲ್ಲ, ಕಂಪ್ಲೇಂಟ್ ಕೊಡ್ರಿ, ಮತ್ತ ಆ ತೆಳ್ಳನ ವೈರು ಮಂಚದ ಕಾಲಿನಾಗ ಮಡಿಚಿ ಸಿಕ್ಕೈತೇನು ನೋಡ್ರಿ.

ಪ್ರಶ್ನೆ: ವೈಫೈ ಹೆಸರು ಹೈಡ್ ಮಾಡಿ ಮ್ಯಾಕ್ ಫಿಲ್ಟರ್ (ಪಟ್ಟಿಯಾಗಿನ ಫೋನಿನ ಗುರುತಿನ ನಂಬರ್ ಇದ್ದವನ್ನಷ್ಟ ಒಳಗ ಬಿಡೂದು) ಹಾಕಿದ್ರ ಪಾಸ್‌ವರ್ಡ್ ಸಾದಾ ಇದ್ರೂ ನಡೀತೈತಿ ಅಂತಾರ, ಖರೇನ? — ಕಾಲೇಜ್ ವಿದ್ಯಾರ್ಥಿ, ರಾಣೇಬೆನ್ನೂರು

ಉತ್ತರ: ಇಲ್ಲಪಾ. ಹೈಡ್ ಮಾಡಿದ ಹೆಸರು ನಿನ್ನ ಫೋನ್ ಕನೆಕ್ಟ್ ಆಗುವಾಗ ಗಾಳಿಯಾಗ ಹೋಗೇ ಹೋಗ್ತೈತಿ, ಮ್ಯಾಕ್ ವಿಳಾಸನೂ ಹಂಗ, ಓದಿ ನಕಲು ಮಾಡಾಕ ಬರ್ತೈತಿ. ಮ್ಯಾಲೆ ಈಗಿನ ಫೋನ್ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ತೋರಸ್ತಾವ, ಫಿಲ್ಟರ್ ಹಾಕಿ ನಿಮ್ಮ ಮನಿಯವ್ರನ್ನ ಹೊರಗ ಇಟ್ಟಂಗ ಆದೀತು. ಪಾಸ್‌ವರ್ಡ್ ಗಟ್ಟಿ ಇಡು.

ಪ್ರಶ್ನೆ: ನಾನು ನಿವೃತ್ತ ಮಾಸ್ತರ. ಉಣಕಲ್‌ದಾಗ ನಮ್ಮ ಓಣಿಯ ಬಡ ಮಕ್ಕಳು ಓದಿಕೊಳ್ಳಲಿ ಅಂತ ವೈಫೈಗೆ ಪಾಸ್‌ವರ್ಡ್ ಇಲ್ಲದಂಗ ಬಿಟ್ಟೀನಿ. ಮಗಾ ಬೈತಾನ. ತಪ್ಪೇನ್ರಿ? — ಹುಬ್ಬಳ್ಳಿ

ಉತ್ತರ: ಮಾಸ್ತರ, ನಿಮ್ಮ ಮನಸಿಗೆ ಕೈ ಮುಗೀತೀನಿ. ಆದ್ರ ಮಗಾ ಹೇಳೂದೂ ಖರೆ ಐತ್ರಿ. 2008ರ ಜುಲೈ 26ಕ್ಕ ಅಹಮದಾಬಾದಿನಾಗ ಬಾಂಬ್ ಸ್ಫೋಟ ಆದ್ವಲ್ಲ, ಆಗೂ ಸ್ವಲ್ಪ ಮೊದಲ ಸುದ್ದಿ ಸಂಸ್ಥೆಗಳಿಗೆ ಒಂದು ಇಮೇಲ್ ಹೋಗಿತ್ತು. ಪೊಲೀಸರು ಐಪಿ ವಿಳಾಸ, ಅಂದ್ರ ಇಂಟರ್ನೆಟ್ ಕನೆಕ್ಷನ್ನಿನ ನಂಬರ್, ಹಿಡಕೊಂಡು ಹೋದ್ರ ಅದು ನವಿ ಮುಂಬೈದಾಗಿನ ಒಂದು ಮನಿ, ಅಲ್ಲಿ ಇದ್ದವ್ರಿಗೂ ಇಮೇಲ್‌ಗೂ ಸಂಬಂಧ ಇರಲಿಲ್ಲ, ಅವ್ರ ವೈಫೈ ಬಳಸಿ ಯಾರೋ ಕಳಿಸಿದ್ರು. ಆದ್ರೂ ವಿಚಾರಣೆ ಎದುರಿಸಿದ್ದು ಆ ಮನಿಯವ್ರು. ಹೊರಗಿನವ್ರಿಗೆ ಕಾಣೂದು ರೌಟರ್ ಐಪಿ ಒಂದ, ಅದರ ಹಿಂದ ಓಣ್ಯಾಗ ಯಾರು ಕುಂತಾರ ಅಂತ ಕಾಣಂಗಿಲ್ಲ, ಮತ್ತ ಕನೆಕ್ಷನ್ ನಿಮ್ಮ ಹೆಸರಿಗೆ ಐತಿ.

ಮಕ್ಕಳಿಗೆ ಕೊಡೂದು ಬಿಡಬ್ಯಾಡ್ರಿ. ಮ್ಯಾಲೆ ಸಪ್ತಾಪುರದವ್ರಿಗೆ ಹೇಳಿದ ಗೆಸ್ಟ್ ನೆಟ್‌ವರ್ಕ್ ಚಾಲೂ ಮಾಡ್ರಿ, ಅದಕ್ಕೊಂದು ಪಾಸ್‌ವರ್ಡ್ ಇಡ್ರಿ, ಟೈಮ್ ಶೆಡ್ಯೂಲ್ ಇದ್ರ ಸಂಜಿ ಐದರಿಂದ ಒಂಬತ್ತರ ತನಕ ಅಂತ ಹಾಕ್ರಿ. ಮಕ್ಕಳು ಕಟ್ಟಿಮ್ಯಾಲೆ ಬಂದು ಕುಂತಾಗ ಫೋನ್ ಇಸ್ಕೊಂಡು ನೀವ ಪಾಸ್‌ವರ್ಡ್ ಹೊಡದು ಕೊಡ್ರಿ, ಯಾರ್ಯಾರಿಗೆ ಕೊಟ್ರಿ ಅಂತ ಹಾಜರಿ ಪುಸ್ತಕದಾಗ ಬರದಿಡ್ರಿ, ತಿಂಗಳಿಗೊಮ್ಮೆ ಬದಲಿಸ್ರಿ.