‘ಬರೀ ಕ್ಲೀನಿಂಗ್ ಮಾಡಿದ್ದು ಮೇಡಂ’

‘ಇನ್ನೊಂದು ಕೋರ್ಸ್ ಆಗಲಿ’ ಎಂದು ಕೆಲಸಕ್ಕೆ ಅರ್ಜಿಯನ್ನೇ ಹಾಕದೆ ಕೂರುವವರು ಸಲಹೆಗೆಂದು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಎಂ.ಎ. ಮುಗಿಸಿದ ಹುಡುಗಿ. ವಿಶ್ವವಿದ್ಯಾಲಯಗಳ ರಿಸರ್ಚ್ ಅಸಿಸ್ಟೆಂಟ್ ಹುದ್ದೆಗಳ ಜಾಹೀರಾತನ್ನು ದಿನವೂ ನೋಡುತ್ತಿದ್ದರು, ಅರ್ಜಿ ಮಾತ್ರ ಹಾಕುತ್ತಿರಲಿಲ್ಲ. ಒಂದರಲ್ಲಿ ‘ಆರ್’ (R) ಬರಬೇಕು, ಇನ್ನೊಂದರಲ್ಲಿ ಪೈಥಾನ್, ಮತ್ತೊಂದರಲ್ಲಿ ಸ್ಟಾಟಾ; ಎಲ್ಲವೂ ಡೇಟಾ ವಿಶ್ಲೇಷಣೆಗೆ ಬಳಸುವ ಕಂಪ್ಯೂಟರ್ ಸಾಧನಗಳು. ಒಂದೊಂದಕ್ಕೂ ಒಂದು ಆನ್‌ಲೈನ್ ಕೋರ್ಸ್. ನಿದ್ದೆ ಕೆಟ್ಟಿತ್ತು. "ಇದೊಂದು ಸರ್ಟಿಫಿಕೇಟ್ ಬರಲಿ, ಆಮೇಲೆ ಹಾಕ್ತೀನಿ" ಎನ್ನುತ್ತಲೇ ಇದ್ದರು.

ಒಂದು ದಿನ ಕೋರ್ಸಿನ ಮಾತು ಬಿಟ್ಟು, ಎಂ.ಎ. ಪ್ರಬಂಧಕ್ಕೆ ಏನು ಮಾಡಿದ್ರಿ ಎಂದು ಕೇಳಿದೆ.

"ಸರ್ವೆ ಡೇಟಾ ಇತ್ತು. ನಾನು ಬರೀ ಕ್ಲೀನಿಂಗ್ ಮಾಡಿದ್ದು ಮೇಡಂ."

ಕ್ಲೀನಿಂಗ್ ಎಂದರೆ ಡೇಟಾದಲ್ಲಿರುವ ತಪ್ಪು ಹುಡುಕಿ ಸರಿಪಡಿಸುವುದು. ಅದನ್ನೇ ಹೇಳಿ ಎಂದೆ. ಕಾಲೇಜು ವಿದ್ಯಾರ್ಥಿಗಳ ಸರ್ವೆ, ಆದರೆ ಸರಾಸರಿ ವಯಸ್ಸು ಅರವತ್ತರ ಹತ್ತಿರ ಬಂತಂತೆ. ಕಾಲಂ ತೆಗೆದು ನೋಡಿದರೆ, ವಯಸ್ಸು ಹೇಳದವರ ಮುಂದೆ 999 ಎಂದು ತುಂಬಿದ್ದರು. ಅಲ್ಲಿಗೇ ಬಿಡಲಿಲ್ಲ. ಡೇಟಾ ತುಂಬಿದವರನ್ನು ಹುಡುಕಿ ಕೇಳಿದರು. ಒಬ್ಬರು 999 ಹಾಕಿದ್ದರು, ಇನ್ನೊಬ್ಬರು ಖಾಲಿ ಬಿಟ್ಟಿದ್ದರು, ಮೂರನೆಯವರು ಸೊನ್ನೆ. ಆದಾಯದ ಕಾಲಂನಲ್ಲಿ ಸೊನ್ನೆ ಎಂದರೆ ನಿಜವಾಗಲೂ ಆದಾಯ ಇಲ್ಲ ಎಂದೂ ಆಗಬಹುದಲ್ವಾ? ಹಾಗಾಗಿ ಮೂಲ ಫಾರಂಗಳನ್ನೇ ತೆಗೆದು ಒಂದೊಂದಾಗಿ ತಾಳೆ ನೋಡಿದರು. ಇಷ್ಟು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು.

"ಇದು ನೀವು ಬರೆದಿಟ್ಟ ಅರ್ಜಿಯಲ್ಲಿ ಎಲ್ಲಿದೆ?"

"ಇದನ್ನೆಲ್ಲ ಯಾರು ಬರೀತಾರೆ ಮೇಡಂ?"

ನನ್ನ ಸಲಹೆ ಇಷ್ಟೇ ಇತ್ತು: ಕವರ್ ಲೆಟರ್‌ನ ಮೊದಲ ಪ್ಯಾರಾದಲ್ಲಿ ಇದನ್ನೇ ಬರೆಯಿರಿ. ಐರಿಸ್ ಹೂವಿನ ಡೇಟಾ ಇಟ್ಟುಕೊಂಡು ಮಾಡಿದ ಪ್ರಾಜೆಕ್ಟನ್ನು ಅರ್ಜಿಯಿಂದ ತೆಗೆದುಹಾಕಿ. ಆ ಡೇಟಾ 1936ರಿಂದ ಇದೆ, ಡೇಟಾ ವಿಶ್ಲೇಷಣೆ ಕಲಿಯುವವರೆಲ್ಲ ಅದರ ಮೇಲೆ ಅಭ್ಯಾಸ ಮಾಡಿರುತ್ತಾರೆ. ಜಾಹೀರಾತಿನಲ್ಲಿ ‘ಇರಲೇಬೇಕು’ ಎಂದದ್ದು ಬೇರೆ, ‘ಇದ್ದರೆ ಒಳ್ಳೆಯದು’ ಎಂದದ್ದು ಬೇರೆ. ಮೊದಲನೆಯದು ಇದ್ದರೆ ಇನ್ನೊಂದು ಕೋರ್ಸಿಗೆ ಕಾಯದೆ ಅರ್ಜಿ ಹಾಕಿ.

ಕಲಿಯುವ ಹುಡುಗಿಯನ್ನು ತಡೆದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಜಾಹೀರಾತಿನಲ್ಲಿ ರಿಗ್ರೆಶನ್ (ಒಂದು ಅಂಶಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಲೆಕ್ಕ ಹಾಕುವ ವಿಧಾನ) ಬರಲೇಬೇಕು ಎಂದಿದ್ದು, ನಿಮಗೆ ಬರದಿದ್ದರೆ ಕಲಿಯಲೇಬೇಕು, ಸರಿ. ಆದರೆ ಇವರಿಗೆ ಆರ್ ಚೆನ್ನಾಗಿಯೇ ಬರುತ್ತಿತ್ತು. ಕೋರ್ಸ್ ಎನ್ನುವುದು ‘ಇಲ್ಲ’ ಎನ್ನಿಸಿಕೊಳ್ಳುವ ಭಯಕ್ಕೆ ಸಿಕ್ಕ ಮರ್ಯಾದಸ್ಥ ನೆಪವಾಗಿತ್ತು. ಇನ್ನು ಸಂಶೋಧನೆಯಲ್ಲಿ ಕ್ಲೀನಿಂಗ್ ಚಿಲ್ಲರೆ ಕೆಲಸ ಅಲ್ಲವೇ ಅಲ್ಲ. ಎಕ್ಸೆಲ್ ಮಾರ್ಚ್1, ಸೆಪ್ಟ್1 ಎಂಬ ಜೀನ್ ಹೆಸರುಗಳನ್ನು ಸುಮ್ನೆ ತಾರೀಖು ಮಾಡಿಬಿಡುತ್ತಿತ್ತು. ಆ ತಪ್ಪು ಪ್ರಕಟವಾದ ಪೇಪರ್‌ಗಳೊಳಗೂ ನುಸುಳಿತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಇಂಥದ್ದನ್ನು ಹಿಡಿಯುವ ಕಣ್ಣು ಪ್ರೊಫೆಸರ್‌ಗೆ ಬೇಕು. ತಪ್ಪಾದರೆ ಹೋಗುವುದು ಅವರ ಹೆಸರು ತಾನೇ.

ಆಕೆ ಎರಡು ಕಡೆ ಅರ್ಜಿ ಹಾಕಿದರು. ಒಂದು ಕಡೆಯಿಂದ ಉತ್ತರವೇ ಇಲ್ಲ. ಇನ್ನೊಂದು ಕಡೆ ಸಂದರ್ಶನಕ್ಕೆ ಕರೆದಿದ್ದಾರೆ. ಅಲ್ಲಿ ಕೇಳಲು ನಾವಿಬ್ಬರೂ ಕೂತು ಪ್ರಶ್ನೆ ಬರೆದುಕೊಂಡೆವು: ಪ್ರಾಜೆಕ್ಟಿನ ಅನುದಾನ ಎಲ್ಲಿಯವರೆಗೆ ಇದೆ, ಮುಂದುವರಿಯದಿದ್ದರೆ ಏನು, ವಿಶ್ಲೇಷಣೆ ಮಾಡಿದವರ ಹೆಸರು ಪೇಪರ್‌ನಲ್ಲಿ ಬರುತ್ತದಾ? ಕೊನೆಯದನ್ನು ಕೇಳಲು ಅವರಿಗೆ ಇನ್ನೂ ಸಂಕೋಚ. ಮುಂದಿನ ವಾರ ಅದನ್ನೇ ಜೋರಾಗಿ ಹೇಳಿ ಅಭ್ಯಾಸ ಮಾಡುತ್ತೇವೆ.