ಅಕ್ಕನ ತಪ್ಪಿಗೆ ತಮ್ಮನ ನೀರು ಕಡಿತ

ದಬ್ಬಾಳಿಕೆಯ ಸರ್ಕಾರಕ್ಕೆ ಎದುರು ನಿಲ್ಲುವ ಒಡಹುಟ್ಟಿದವರ ಕಥೆ ಬರೆಯಹೊರಟ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಹದಿನಾರರ ಅಕ್ಕ, ಹನ್ನೆರಡರ ತಮ್ಮ ಸೇರಿ ಸರ್ವಾಧಿಕಾರಿ ಸರ್ಕಾರವನ್ನು ಎದುರಿಸುವ ಡಿಸ್ಟೋಪಿಯನ್ ಕಾದಂಬರಿ ಬರೆಯುತ್ತಿದ್ದೇನೆ. ಕರಡು ಓದಿದವರೆಲ್ಲ ‘ಸರ್ಕಾರ ಸಿನಿಮಾ ವಿಲನ್ ಥರ ಇದೆ, ಭಯವೇ ಆಗಲ್ಲ’ ಅನ್ನುತ್ತಾರೆ. ಎಲ್ಲಿ ಎಡವಿದ್ದೇನೆ?

ಉತ್ತರ: ನಿಮ್ಮ ಸರ್ಕಾರ ಭಾಷಣ ಮಾಡುತ್ತಿದೆ, ಆಡಳಿತ ಮಾಡುತ್ತಿಲ್ಲ. ಕಪ್ಪು ಸಮವಸ್ತ್ರ, ಗೋಡೆ ತುಂಬ ನಾಯಕನ ಮುಖ, ಧ್ವನಿವರ್ಧಕದ ಗರ್ಜನೆ, ಇವನ್ನೆಲ್ಲ ಓದುಗರು ನೋಡಿ ನೋಡಿ ಸಾಕಾಗಿದ್ದಾರೆ. ಭಯ ಹುಟ್ಟುವುದು ಕೌಂಟರಿನ ಮುಂದೆ. ಕೊರತೆಯಿರುವ ಒಂದೇ ವಸ್ತು ಆರಿಸಿಕೊಳ್ಳಿ, ಅದಕ್ಕೊಂದು ನಿಯಮ ಹಾಕಿ, ಕೊನೆಯ ಪುಟದವರೆಗೂ ಅದನ್ನು ಸಡಿಲಿಸಬೇಡಿ.

ನೀರನ್ನೇ ತೆಗೆದುಕೊಳ್ಳಿ. ವಿಕೋಪದ ನಂತರದ ಶಿಬಿರಗಳಲ್ಲಿ ಪರಿಹಾರ ಸಂಸ್ಥೆಗಳು ಕುಡಿಯಲು, ಅಡುಗೆಗೆ, ಶುಚಿತ್ವಕ್ಕೆ ಸೇರಿಸಿ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದು ಲೆಕ್ಕ ಇಡುತ್ತವೆ. ನಿಮ್ಮ ಊರಿನಲ್ಲೂ ಅಷ್ಟೇ ಇರಲಿ: ತಾಯಿ, ಅಕ್ಕ, ತಮ್ಮ, ಮನೆಗೆ 45 ಲೀಟರ್. ಕಡ್ಡಾಯ ಸಭೆಗೆ ಮನೆಯವರಲ್ಲಿ ಒಬ್ಬರು ಗೈರಾದರೂ ಆ ವಾರ ದಿನಕ್ಕೆ 10 ಲೀಟರ್ ಖೋತಾ. ಎರಡನೇ ಸಲ 20. ಮೂರನೇ ಸಲ ಕಾರ್ಡೇ ರದ್ದು. ಈಗ ಅಕ್ಕ ಎರಡನೇ ಸಭೆ ತಪ್ಪಿಸಿದಳೆನ್ನಿ. ಪೊಲೀಸರು ಬಾಗಿಲು ತಟ್ಟುವುದೇ ಬೇಡ. ಉಳಿದ 25 ಲೀಟರಿನಲ್ಲಿ ಜ್ವರದ ತಮ್ಮನ ಹಾಸಿಗೆ ಒಗೆಯುವುದೋ, ಅಡುಗೆಗೆ ಎತ್ತಿಡುವುದೋ ಎಂದು ತಾಯಿ ಬಕೆಟ್ಟಿನ ಮುಂದೆ ನಿಲ್ಲುತ್ತಾಳೆ. ಅಕ್ಕನ ಕಡೆ ತಿರುಗಿಯೂ ನೋಡುವುದಿಲ್ಲ. ನಿಮ್ಮ ಕಥೆಯ ಕೀಲು ಇದೇ: ಒಬ್ಬರ ಧೈರ್ಯಕ್ಕೆ ಇನ್ನೊಬ್ಬರು ದಂಡ ತೆರುವುದು.

ಇದು ಬರೀ ಕಲ್ಪನೆಯಲ್ಲ. ಮ್ಯೂನಿಕ್‌ನಲ್ಲಿ ನಾಟ್ಸಿಗಳ ವಿರುದ್ಧ ಕರಪತ್ರ ಹಂಚಿದ ಹಾನ್ಸ್ ಶೋಲ್ ಮತ್ತು ಅವನ ತಂಗಿ ಸೋಫೀಯನ್ನು 1943ರ ಫೆಬ್ರವರಿ 22ರಂದು ಕೊಂದ ಮೇಲೆ, ಕೆಲವೇ ದಿನಗಳಲ್ಲಿ ಅವರ ತಂದೆ ತಾಯಿ, ಸೋದರಿಯರನ್ನೂ ಜೈಲಿಗೆ ಹಾಕಿದರು. ರಕ್ತಸಂಬಂಧವೇ ಅಪರಾಧವಾಗಿತ್ತು.

ಕಾರ್ಡ್ ಮುದ್ರಿಸುವವರು ಯಾರು, ಹಾಜರಿ ಬರೆಯುವವರು ಯಾರು, ಆ ಗುಮಾಸ್ತ ಲಂಚಕ್ಕೆ ಏನು ಕೇಳುತ್ತಾನೆ, ಇಷ್ಟನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ. ಕಾದಂಬರಿಯಲ್ಲಿ ಅದರ ಕಾಲುಭಾಗ ಬಂದರೆ ಸಾಕು. ಗೂಢಚಾರರ ದಂಡನ್ನೇ ತುಂಬಿಸುವುದೂ ಬೇಡ. ಒಂದೂವರೆ ಕೋಟಿಗೂ ಹೆಚ್ಚು ಜನರಿದ್ದ ಪೂರ್ವ ಜರ್ಮನಿಯಲ್ಲಿ 1989ರ ಹೊತ್ತಿಗೆ ಗುಪ್ತಪೊಲೀಸ್ ಸ್ಟಾಸಿಯ ಕಾಯಂ ನೌಕರರು ಸುಮಾರು 91,000. ಸುದ್ದಿ ಮುಟ್ಟಿಸುತ್ತಿದ್ದ ಸಾಮಾನ್ಯ ಜನ ಅದಕ್ಕಿಂತಲೂ ಹೆಚ್ಚು. ನಿಮ್ಮ ಮಾಹಿತಿದಾರ ಪಕ್ಕದ ಮನೆಯವನಾಗಿರಲಿ, ಅವನಿಗೂ ಮಗಳ ಕಾಲೇಜು ಸೀಟಿನಂಥ ಒಂದು ಕಾರಣ ಇರಲಿ.

ಪ್ರಶ್ನೆ: ಅಣ್ಣ-ತಂಗಿ ರಾತ್ರೋರಾತ್ರಿ ಸಾವಿರಾರು ಕರಪತ್ರ ಮುದ್ರಿಸಿ ಊರೆಲ್ಲ ಹಂಚುತ್ತಾರೆ. ಕಂಪ್ಯೂಟರ್, ಫೋನ್ ಇಲ್ಲದ ಲೋಕ. ದೃಶ್ಯ ನಂಬುವಂತಿರಲು ಏನು ಬೇಕು?

ಉತ್ತರ: ‘ರಾತ್ರೋರಾತ್ರಿ’ಯನ್ನು ಮೊದಲು ಹೊಡೆದುಹಾಕಿ. ಕಾರ್ಬನ್ ಕಾಗದ ಇಟ್ಟು ಟೈಪ್ ಮಾಡಿದರೆ ಒಂದು ಸಲಕ್ಕೆ ನಾಲ್ಕೈದು ಪ್ರತಿ, ಕೊನೆಯದು ಮಸುಕು. ಸಾವಿರ ಬೇಕೆಂದರೆ, ಸ್ಟೆನ್ಸಿಲ್ ಹಾಳೆಯ ಮೂಲಕ ಮಸಿ ಹಾಯಿಸಿ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರವೇ ಬೇಕು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್‌ರೈಟರಿನ ರಿಬ್ಬನ್ ಸರಿಸಿ ಬರಿಯ ಅಚ್ಚಿನಿಂದ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಅಕ್ಷರ ಮೂಡುವುದಿಲ್ಲ. ಜೋರಾಗಿ ಹೊಡೆದರೆ ದುಂಡಕ್ಷರದ ನಡುಭಾಗ ಕಳಚಿ, ಅಲ್ಲಿ ಮಸಿ ತುಂಬಿ ಕಪ್ಪು ಬೊಟ್ಟಾಗುತ್ತದೆ. ಒಬ್ಬರು ಹಿಡಿ ತಿರುಗಿಸಿದರೆ ಇನ್ನೊಬ್ಬರು ಹಾಳೆ ಎತ್ತಿ ಬಿಡಿಬಿಡಿಯಾಗಿ ಹರಡಬೇಕು. ಹಸಿ ಹಾಳೆಗಳು ಒಂದರ ಮೇಲೊಂದು ಕೂತರೆ ಹಿಂಬದಿಗೆಲ್ಲ ಮಸಿ. ಜಗಳ, ಗುಟ್ಟು, ನಗು ಎಲ್ಲಕ್ಕೂ ಇಲ್ಲಿ ಜಾಗವಿದೆ. ಇಬ್ಬರಿಗೂ ಕೈತುಂಬ ಕೆಲಸವಿರುವಾಗ ಬರುವ ಮಾತು ಎದುರುಬದುರು ಕೂತು ಆಡಿದ್ದಕ್ಕಿಂತ ಸಹಜವಾಗಿರುತ್ತದೆ.

ಸಿಕ್ಕಿಬೀಳುವುದು ಮುದ್ರಣಕ್ಕಿಂತ ಸಾಮಾನಿನ ಖರೀದಿಯಲ್ಲಿ. ಶೋಲ್ ಒಡಹುಟ್ಟಿದವರು ಇದ್ದ ‘ವೈಟ್ ರೋಸ್’ ಗುಂಪಿಗೂ ಕಾಗದ, ಲಕೋಟೆ, ಅಂಚೆಚೀಟಿಯೇ ತಲೆನೋವು. ಒಂದೇ ಕಡೆ ರಾಶಿ ಕೊಂಡರೆ ಅನುಮಾನ, ಹಾಗಾಗಿ ಹಲವು ಕಡೆ ಸ್ವಲ್ಪ ಸ್ವಲ್ಪ. ಒಂದೇ ಊರಿನ ಅಂಚೆಮುದ್ರೆ ಬೀಳಬಾರದೆಂದು ರೈಲಿನಲ್ಲಿ ಬೇರೆ ಊರುಗಳಿಗೆ ಒಯ್ದು ಡಬ್ಬಿಗೆ ಹಾಕುತ್ತಿದ್ದರು. 1942ರ ಬೇಸಿಗೆಯ ಮೊದಲ ಕರಪತ್ರಗಳು ತಲಾ ನೂರರ ಆಸುಪಾಸು ಮಾತ್ರ. ಸಾವಿರಗಳ ಲೆಕ್ಕಕ್ಕೆ ಮುಟ್ಟಿದ್ದು 1943ರ ಜನವರಿಯಲ್ಲಿ. ನಿಮ್ಮ ಪಾತ್ರಗಳಿಗೂ ಅಷ್ಟು ತಿಂಗಳು ಕೊಡಿ.

ಕೊನೆಗೆ ಕೆಟ್ಟದ್ದು ಸಣ್ಣದೊಂದು ಕ್ಷಣದಲ್ಲಿ. 1943ರ ಫೆಬ್ರವರಿ 18ರಂದು ಸೂಟ್‌ಕೇಸ್ ತುಂಬ ಕರಪತ್ರ ತಂದು ವಿಶ್ವವಿದ್ಯಾಲಯದ ತರಗತಿಗಳ ಹೊರಗೆ ಇಟ್ಟರು. ಮಿಕ್ಕ ಕಟ್ಟನ್ನು ಸೋಫೀ ಮೇಲಂತಸ್ತಿನಿಂದ ಕೆಳಗೆ ತಳ್ಳಿದಳು, ಕಟ್ಟಡ ನೋಡಿಕೊಳ್ಳುವ ನೌಕರ ಕಂಡುಬಿಟ್ಟ. ಹಾನ್ಸ್ ಜೇಬಿನಲ್ಲಿ ಮುಂದಿನ ಕರಪತ್ರದ ಕೈಬರಹದ ಕರಡಿತ್ತು. ಹರಿದುಹಾಕಲು ನೋಡಿದ, ಪೊಲೀಸರು ಚೂರು ಜೋಡಿಸಿದರು. ಅಕ್ಷರ ಕ್ರಿಸ್ಟೋಫ್ ಪ್ರೋಬ್ಸ್ಟ್ ಎಂಬ ಗೆಳೆಯನದು. ಮೂರು ಮಕ್ಕಳ ತಂದೆಯಾಗಿದ್ದ ಅವನಿಗೂ ಫೆಬ್ರವರಿ 22ರಂದೇ, ಅವರಿಬ್ಬರ ಜೊತೆಗೇ ಮರಣದಂಡನೆ. ಕಥೆಗಾರರು ಗಮನಿಸಬೇಕಾದ್ದು ಆ ಜೇಬಿನ ಹಾಳೆಯನ್ನು. ಪಾತ್ರ ಮೂರ್ಖವಾಗದೆ ತಪ್ಪು ಮಾಡಬೇಕೆಂದರೆ ತಪ್ಪು ಈ ಅಳತೆಯದಿರಬೇಕು.

ಟೈಪ್‌ರೈಟರೂ ಸುಳಿವು ಕೊಡುತ್ತದೆ, ಸವೆದ ಅಚ್ಚು ಪ್ರತಿ ಯಂತ್ರಕ್ಕೂ ಬೇರೆ. ರುಮೇನಿಯಾದಲ್ಲಿ 1983ರ ಆಜ್ಞೆಯಂತೆ ಟೈಪ್‌ರೈಟರ್ ಇಟ್ಟುಕೊಂಡವರು ಪೊಲೀಸರಲ್ಲಿ ನೋಂದಾಯಿಸಿ, ಅಕ್ಷರಗಳ ಮಾದರಿ ಕೊಡಬೇಕಿತ್ತು.

ಪ್ರಶ್ನೆ: ಅಪ್ಪ-ಅಮ್ಮ ಇದ್ದರೆ ಮಕ್ಕಳಿಗೆ ಸಾಹಸಕ್ಕೆ ಜಾಗವಿಲ್ಲ. ಮೊದಲ ಅಧ್ಯಾಯದಲ್ಲೇ ಸಾಯಿಸಿಬಿಡಲೇ?

ಉತ್ತರ: ಬೇಡ. ಈ ಪ್ರಕಾರದಲ್ಲಿ ಸತ್ತ ತಂದೆ ತಾಯಿಯರಿಗೆ ಲೆಕ್ಕವೇ ಇಲ್ಲ. ಬದುಕಿದ್ದು ಭಿನ್ನಾಭಿಪ್ರಾಯ ಇಟ್ಟುಕೊಂಡ ಅಪ್ಪ ಹೆಚ್ಚು ಉಪಯೋಗಿ. ಶೋಲ್ ಮನೆಯಲ್ಲಿ ತಂದೆ ಮೊದಲಿನಿಂದ ನಾಟ್ಸಿ ವಿರೋಧಿ. ಉತ್ಸಾಹದಿಂದ ಹಿಟ್ಲರನ ಯುವ ಸಂಘಟನೆಗಳಿಗೆ ಸೇರಿದ್ದು ಮಕ್ಕಳೇ. ಮುಂದೆ ಅದೇ ತಂದೆ ಹಿಟ್ಲರನನ್ನು ಹಳಿದದ್ದನ್ನು ಅವರ ಕಚೇರಿಯ ನೌಕರಳು ವರದಿ ಮಾಡಿ, 1942ರಲ್ಲಿ ಅವರು ಜೈಲು ಸೇರಿದರು. ನಿಮ್ಮ ಕಥೆಯಲ್ಲೂ ಅಣ್ಣ ಸರ್ಕಾರದ ಭಕ್ತನಾಗಿ ಶುರುವಾಗಲಿ, ತಂಗಿ ಅವನಿಂದ ಮುಚ್ಚಿಡುವಂಥದ್ದು ಏನಾದರೂ ಇರಲಿ. ಅರ್ಧ ಕಾದಂಬರಿ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಕೊನೆಯಲ್ಲಿ ಸರ್ಕಾರ ಬೀಳಲೇಬೇಕೆ?

ಉತ್ತರ: ಬೀಳಬಹುದು, ಆದರೆ ಇಬ್ಬರು ಹುಡುಗರು ಸ್ವಿಚ್ ಒತ್ತಿ ಬೀಳಿಸಬಾರದು. ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೋನನ್ನು ವಿರೋಧಿಸಿದ ಮಿರಾಬಾಲ್ ಸೋದರಿಯರಲ್ಲಿ ಮೂವರನ್ನು 1960ರ ನವೆಂಬರ್ 25ರಂದು, ಜೈಲಿನಲ್ಲಿದ್ದ ಗಂಡಂದಿರನ್ನು ನೋಡಿ ಮರಳುವಾಗ ಹೊಡೆದು ಕೊಂದರು. ಅಪಘಾತವೆಂದು ತೋರಿಸಲು ವಾಹನವನ್ನು ಪ್ರಪಾತಕ್ಕೆ ನೂಕಿದರು. ಯಾರೂ ನಂಬಲಿಲ್ಲ. ಆರು ತಿಂಗಳ ನಂತರ, 1961ರ ಮೇ 30ರಂದು ಟ್ರುಹಿಯೋ ಬೇರೆಯವರ ಗುಂಡಿಗೆ ಬಲಿಯಾದ. ನಾಲ್ಕನೆಯವಳು ದೆದೆ ಉಳಿದಳು, ತಬ್ಬಲಿಯಾದ ಆರು ಮಕ್ಕಳನ್ನು ತಾಯಿಯೊಂದಿಗೆ ಸೇರಿ ಸಾಕಿದಳು. ಸರ್ಕಾರ ಬಿದ್ದ ಮರುದಿನ ಮನೆಯಲ್ಲಿ ಯಾರು ಉಳಿದಿದ್ದಾರೆ, ಅವರ ಪಾಲಿಗೆ ಯಾವ ಕೆಲಸ ಬಿತ್ತು ಎಂಬುದನ್ನು ಕನಿಷ್ಠ ಒಂದು ಅಧ್ಯಾಯ ಬರೆಯಿರಿ. ಓದುಗ ಅಷ್ಟು ದೂರ ಬಂದಿರುವುದು ಒಡಹುಟ್ಟಿದವರಿಗಾಗಿ, ಅಧ್ಯಕ್ಷನಿಗಾಗಿ ಅಲ್ಲ.

ಪ್ರಶ್ನೆ: ಒಂದು ಅಧ್ಯಾಯ ಅಕ್ಕನ ‘ನಾನು’, ಮುಂದಿನದು ತಮ್ಮನ ‘ನಾನು’. ಈ ಕ್ರಮ ಸರಿಯೇ?

ಉತ್ತರ: ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಸರಿ. ಒಂದೇ ಘಟನೆಯನ್ನು ಎರಡು ಸಲ ಹೇಳಿಸಬೇಡಿ. ತಮ್ಮನ ಅಧ್ಯಾಯ ಅಕ್ಕನದು ನಿಂತಲ್ಲಿಂದ ಮುಂದಕ್ಕೇ ಹೋಗಲಿ. ಹನ್ನೆರಡರ ಹುಡುಗ ‘ವ್ಯವಸ್ಥೆ’, ‘ಪ್ರತಿರೋಧ’ ಎನ್ನುವುದಿಲ್ಲ, ಯಾರ ಮನೆಯ ಬಕೆಟ್ಟು ತುಂಬಿತ್ತು ಎನ್ನುತ್ತಾನೆ. ಶೀರ್ಷಿಕೆ ಮುಚ್ಚಿ ಯಾವುದಾದರೂ ಒಂದು ಪುಟವನ್ನು ಗೆಳೆಯರಿಗೆ ಓದಲು ಕೊಡಿ. ಯಾರ ದನಿಯೆಂದು ಅವರು ಹೇಳಲಾರದೆ ಹೋದರೆ ಅಕ್ಕನಿಗೆ ‘ನಾನು’ ಉಳಿಸಿ, ತಮ್ಮನ ಭಾಗವನ್ನು ‘ಅವನು’ ಎಂದು ತಿದ್ದಿ ಬರೆಯಿರಿ.