ಬೆಳಿಗ್ಗೆ ಒಂಬತ್ತೂವರೆಯ ಹೊಟ್ಟೆ ತೊಳಸು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಆಪ್ತ ಸಮಾಲೋಚನೆಗೆ ನನ್ನ ಬಳಿ ಬಂದವರು ಸುಮಾರು ನಲವತ್ತರ ಹೆಣ್ಣುಮಗಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಸರ್ಕಾರಿ ಇಲಾಖೆಯೊಂದಕ್ಕೆ ಪೋರ್ಟಲ್ ಮಾಡಿಕೊಡುವ ತಂಡದ ಹೊಣೆ ಅವರದು. ರಾತ್ರಿ ಮೂರಕ್ಕೇ ಎಚ್ಚರ. ಬೆಳಿಗ್ಗೆ ಒಂಬತ್ತೂವರೆ ಹತ್ತಿರ ಬಂದರೆ ಹೊಟ್ಟೆ ತೊಳಸು. "ನನ್ ಕೈಲಾಗ್ತಿಲ್ಲ ಮೇಡಂ" ಅಂದರು.

ಒಂಬತ್ತೂವರೆಗೆ ಏನಿದೆ ಅಂತ ಕೇಳಿದೆ. ಸ್ಟ್ಯಾಂಡಪ್ ಮೀಟಿಂಗ್. ಅಜೈಲ್, ಅಂದರೆ ಸಾಫ್ಟ್‌ವೇರನ್ನು ಸ್ವಲ್ಪಸ್ವಲ್ಪವಾಗಿ ಮಾಡಿ ತೋರಿಸುತ್ತಾ ಹೋಗುವ ಪದ್ಧತಿ ಬಂದ ಮೇಲೆ ಶುರುವಾದದ್ದು. ತಂಡದವರು ತಮ್ಮತಮ್ಮಲ್ಲೇ ಆ ದಿನದ ಕೆಲಸ ಹೊಂದಿಸಿಕೊಳ್ಳಲು ಇರುವ 15 ನಿಮಿಷ ಅದು. ಆದರೆ ಇವರಲ್ಲಿ ಇಲಾಖೆಯ ಸಾಹೇಬರು, ಕಂಪನಿಯ ದೊಡ್ಡವರು ಎಲ್ಲ ಕೂತು ಒಂದು ಗಂಟೆ ವಿಚಾರಣೆ. ಎಕ್ಸೆಲ್ ಶೀಟಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆಯೂ 'ಯಾಕೆ ಆಗಿಲ್ಲ' ಅನ್ನುವ ಕೆಂಪು ಕಾಲಂ. ಅದನ್ನು ಫೋನಿನಲ್ಲಿ ತೋರಿಸುವಾಗಲೂ ಅವರ ಬೆರಳು ನಡುಗುತ್ತಿತ್ತು.

ಇನ್ನೊಂದು ಗಂಟು ಟೆಂಡರ್. ದರ, ಗಡುವು, ಕೆಲಸದ ಪಟ್ಟಿ ಎಲ್ಲಕ್ಕೂ ಮೊದಲೇ ಸಹಿ ಬಿದ್ದಿದೆ. ಆದರೂ ಎರಡು ವಾರಕ್ಕೊಮ್ಮೆ ಡೆಮೊ ನೋಡಿದವರು "ಸಣ್ಣ ಚೇಂಜ್ ಅಷ್ಟೇ ಮೇಡಂ" ಅಂತ ಹೊಸದು ಸೇರಿಸುತ್ತಾರೆ. ಹಳೆಯದು ಒಂದೂ ಕಮ್ಮಿಯಾಗುವುದಿಲ್ಲ. ಈ ಪದ್ಧತಿಯ ಮೂಲ ತತ್ವಗಳನ್ನು ಹೇಳುವ 2001ರ ಅಜೈಲ್ ಪ್ರಣಾಳಿಕೆ ಬದಲಾವಣೆಯನ್ನು ಸ್ವಾಗತಿಸಿ ಅನ್ನುತ್ತದೆ, ನಿಜ. ಕೊನೆಯವರೆಗೂ ಒಂದೇ ವೇಗದಲ್ಲಿ, ದಣಿಯದೆ ದುಡಿಯುವಂತಿರಬೇಕು ಅಂತಲೂ ಅದರಲ್ಲೇ ಇದೆ. ಆ ಸಾಲನ್ನು ಯಾರೂ ಸ್ಲೈಡಿಗೆ ಹಾಕೋದಿಲ್ಲ, ಅಲ್ವಾ?

ನಿದ್ರೆಯ ತೊಂದರೆಗೆ ಮೊದಲು ವೈದ್ಯರನ್ನು ಕಂಡು ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂದೆ. ಆಮೇಲೆ ಮೀಟಿಂಗಿನ ಮಾತು. ಹೊಸದು ಕೇಳಿದ ತಕ್ಷಣ "ಆಯ್ತು ಸಾರ್" ಅನ್ನಬೇಡಿ. "ಮಾಡೋಣ ಸಾರ್, ಇದರ ಬದಲು ಯಾವುದನ್ನ ಮುಂದಕ್ಕೆ ಹಾಕೋಣ?" ಅಂತ ಕೇಳಿ. ಉತ್ತರವನ್ನು ಅವತ್ತೇ ಮೇಲ್ ಮಾಡಿ. ಒಪ್ಪಂದದಲ್ಲೇ ಇಲ್ಲದ್ದಾದರೆ ಚೇಂಜ್ ರಿಕ್ವೆಸ್ಟ್ (ಬದಲಾವಣೆಗೆ ಲಿಖಿತ ಕೋರಿಕೆ) ಹಾಕಿ. ನಾನೇ ಸಾಹೇಬರಾಗಿ ಕೂತು ಅಭ್ಯಾಸ ಮಾಡಿಸಿದೆ. ಪ್ರತಿ ಸಲವೂ "ಸಾರಿ ಸಾರ್" ಅಂತಲೇ ಶುರು ಮಾಡುತ್ತಿದ್ದರು. ಆ 'ಸಾರಿ' ಬಿಡಿಸೋದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ಸಾಹೇಬರನ್ನು ಸ್ಟ್ಯಾಂಡಪ್‌ನಿಂದ ಹೊರಗಿಡಿ ಅಂತ ಸುಮ್ನೆ ಹೇಳಿಬಿಡಬಹುದು. ನಮ್ಮ ಕಚೇರಿಗಳಲ್ಲಿ ಅದು ನಡೆಯುವ ಮಾತಲ್ಲ. ಅವರಿಗೆಂದೇ ವಾರಕ್ಕೊಂದು ರಿವ್ಯೂ ಇಡಿ, ಪೋರ್ಟಲ್ ಬಳಸಬೇಕಾದ, ಕೌಂಟರಿನಲ್ಲಿ ಕೂರುವ ಗುಮಾಸ್ತರೊಬ್ಬರನ್ನೂ ಕರೆಯಿರಿ ಅಂದೆ.

ಮುಂದಿನ ಸಲ ಬಂದಾಗ ಹೊಟ್ಟೆ ತೊಳಸು ಕಡಿಮೆಯಾಗಿತ್ತು. ಸಾಹೇಬರು ಗೊಣಗಿದರಂತೆ, ಆದರೂ ಎರಡು ಕೆಲಸ ಮುಂದಕ್ಕೆ ಹೋದವಂತೆ. ಭಾನುವಾರವೂ ಲ್ಯಾಪ್‌ಟಾಪ್ ತೆರೆಯುವ ವಿಷಯ ಮನೆಯಲ್ಲಿ ಇನ್ನೂ ಬಗೆಹರಿದಿಲ್ಲ. ಈ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.